ದೀಪಸ್ತಂಭದ ಪಕ್ಕದ ಖಾಲಿ ಜಾಗ

ನಿಪ್ಪಾಣಿಯ ಹಳೆ ಪಿ.ಬಿ. ರಸ್ತೆಯಲ್ಲಿದ್ದ ಫೋಟೋ ಸ್ಟುಡಿಯೋದ ಬೋರ್ಡಿನ ಮೇಲೆ ಹೆಸರು ಗಂಡನದು, ಒಳಗಿನ ಕೈ ಹೆಂಡತಿಯದು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ ಅಷ್ಟೇ. ಜಯಪಾಲ ಫೋಟೋ ಹೊಡೆಯುತ್ತಿದ್ದ. ಅದರಲ್ಲಿ ಇರಬಾರದ್ದನ್ನು ಮಂಗಲ ಅಳಿಸುತ್ತಿದ್ದಳು.

ಈ ಟಚಿಂಗ್ ಕೆಲಸವನ್ನು ಅವಳಿಗೆ ಕಲಿಸಿದವರು ಮಾವ ಆಬಾಸಾಹೇಬರು. ಬದುಕಿದ್ದಾಗ ಸೊಸೆಯನ್ನು ಮಹಡಿಯ ಕಿಟಕಿಯ ಹತ್ತಿರ ಕೂರಿಸಿ, ಎದುರಿಗೆ ಇಳಿಜಾರಾದ ಒಂದು ಮೇಜು ಇಟ್ಟುಕೊಟ್ಟಿದ್ದರು. ಮೇಜಿನ ನಡುವೆ ಮಸುಕು ಗಾಜು, ಗಾಜಿನ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲವೂ ತಿರುಗುಮುರುಗು: ಕರಿಕೂದಲು ಬೆಳ್ಳಗೆ, ಬಿಳಿ ಅಂಗಿ ಕರ್ರಗೆ. ಪ್ರಿಂಟಿನಲ್ಲಿ ಕಪ್ಪಾಗಿ ಬೀಳುವುದನ್ನು ಪೆನ್ಸಿಲ್ಲಿನಿಂದಲೋ ಕೆಂಪು ರಂಗಿನಿಂದಲೋ ತುಂಬಬೇಕು. ಬೆಳ್ಳಗೆ ಬೀಳುವುದನ್ನು ಚಾಕುವಿನ ಮೊನೆಯಿಂದ ಹೆರೆದು ತೆಗೆಯಬೇಕು. ರಾಯಬಾಗದಿಂದ ಕಾಗವಾಡದವರೆಗೆ ಎಷ್ಟೋ ಹುಡುಗಿಯರ ಸಿಡುಬಿನ ಕಲೆಗಳು ಮಂಗಲಳ ಪೆನ್ಸಿಲ್ಲಿನ ಕೆಳಗೆ ಮಾಯವಾಗಿದ್ದವು. ವರನ ಕಡೆಯವರು ಫೋಟೋ ನೋಡಿ ಒಪ್ಪಿ, ಆಮೇಲೆ ಮದುವೆಯ ಚಪ್ಪರದಲ್ಲಿ ಮಿಕಿಮಿಕಿ ಕಣ್ಣುಬಿಟ್ಟದ್ದೂ ಉಂಟು. ಅಥಣಿಯ ಒಬ್ಬ ವರನ ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿದ್ದಕ್ಕೆ ಅವನ ತಾಯಿ ಪೇಡೆ ತಂದುಕೊಟ್ಟು, "ನಾ ಹಡದಾಗ ಆಗದ ಕೆಲಸಾ ನೀ ಮಾಡಿದೆವ್ವಾ" ಎಂದಿದ್ದಳು.

ವರ್ಷಕ್ಕೊಮ್ಮೆ ಮಾತ್ರ ಈ ಮೂಗು ಕಣ್ಣುಗಳಿಂದ ಬಿಡುವು ಸಿಗುತ್ತಿತ್ತು. ಊರಿನ ತಂಬಾಕು ವ್ಯಾಪಾರಿ ದಾದಾಸಾಹೇಬರ ಬೀಡಿಗೆ ದೀಪಸ್ತಂಭದ ಗುರುತು. ಗುಡಿಯ ಮುಂದೆ ಇರುತ್ತದಲ್ಲ, ಅದಲ್ಲ. ಸಮುದ್ರದ ದಂಡೆಯಲ್ಲಿ ನಿಂತು ಹಡಗಿಗೆ ದಾರಿ ತೋರಿಸುವಂಥದು. ಸಮುದ್ರದ ಮುಖ ಕಾಣದ ಊರಿನಲ್ಲಿ ಇದೆಂಥ ಗುರುತು ಎಂದು ಯಾರಾದರೂ ಕೇಳಿದರೆ, "ಕಂಡಿದ್ದರ ಮ್ಯಾಲೆ ಮಂದೀಗೆ ಆಶಾ ಇರೂದಿಲ್ಲಪಾ" ಎನ್ನುತ್ತಿದ್ದರು. ಅಂಗಡಿ ಅಂಗಡಿಗೆ ಹಂಚುವ ಅವರ ಕ್ಯಾಲೆಂಡರಿಗೆ ಹೊಸ ವರ್ಷಕ್ಕೊಂದು ಹೊಸ ಚಿತ್ರ ಬೇಕು. ಅದಕ್ಕಾಗಿ ದೀಪಾವಳಿ ಮುಗಿಯುತ್ತಲೇ ಜಯಪಾಲ ಎರಡು ಕಣ್ಣಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಫೋಂಡಾ ಘಾಟದ ಬಸ್ಸು ಹತ್ತಿ ಕೊಂಕಣಕ್ಕೆ ಇಳಿಯುತ್ತಿದ್ದ. ಹೋಗುವುದು ಒಂದೇ ಊರಿಗೆ, ತೆಗೆಯುವುದು ಒಂದೇ ದೀಪಸ್ತಂಭವನ್ನು.

"ದಂಡಿ ತುಂಬ ಬ್ಯಾರೆ ಕಂಬಾ ಇಲ್ಲೇನ್ರಿ?" ಎಂದು ಮಂಗಲ ಒಮ್ಮೆ ಕೇಳಿದ್ದಳು.

"ಅದಾವ. ಖರೆ ಇದರ ಬೆಳಕು ನನಗ ಇನ್ನೂ ಬರೋಬ್ಬರಿ ಸಿಕ್ಕಿಲ್ಲ" ಎಂದಿದ್ದ ಅವನು. ಕಲಾವಿದರ ಮಾತು ಹೀಗೇ ಇರುತ್ತದೆ ಎಂದು ಅವಳು ಹೆಮ್ಮೆಪಟ್ಟುಕೊಂಡಿದ್ದಳು. ಹುಚ್ಚಿ.

ಹೆಮ್ಮೆಗೆ ಕಾರಣವೂ ಇತ್ತೆನ್ನಿ. ಬೇರೆ ಫೋಟೋದವರು ದೀಪಸ್ತಂಭವನ್ನು ಮದುಮಗನ ಹಾಗೆ ನಟ್ಟನಡುವೆ ನಿಲ್ಲಿಸಿ ಹೊಡೆಯುತ್ತಿದ್ದರು. ಜಯಪಾಲ ಅದನ್ನು ಚೌಕಟ್ಟಿನ ಎಡ ಅಂಚಿಗೆ ಸರಿಸಿ, ನಡುವೆ ದೊಡ್ಡದೊಂದು ಖಾಲಿ ಜಾಗ ಬಿಡುತ್ತಿದ್ದ. ಬಂಡೆಗಳ ಸಾಲು, ಅಲೆಯ ಗೆರೆ, ಕಂಬದ ನೆರಳು ಎಲ್ಲವೂ ಆ ಖಾಲಿ ಜಾಗದ ಕಡೆಗೇ ಹರಿದುಬರುತ್ತಿದ್ದವು. ಕೊಲ್ಹಾಪುರದ ಒಂದು ಪ್ರದರ್ಶನದಲ್ಲಿ ಗಡ್ಡದ ಪಂಡಿತರೊಬ್ಬರು ಆ ಜಾಗದ ಮುಂದೆ ಬಹಳ ಹೊತ್ತು ನಿಂತು, ಶೂನ್ಯ, ವಿರಕ್ತಿ, ಜೈನಧರ್ಮದ ಸಾರ ಎಂದೆಲ್ಲ ಮರಾಠಿಯಲ್ಲಿ ಹೊಗಳಿದ್ದರು. ಜಯಪಾಲ ತಲೆ ತಗ್ಗಿಸಿ ಕೈಮುಗಿದಿದ್ದ. ಪಕ್ಕದಲ್ಲಿ ನಿಂತ ಮಂಗಲಳ ಕಣ್ಣು ತುಂಬಿ ಬಂದಿತ್ತು.

ಅವಳಿಗೆ ಆಸೆ ಒಂದೇ. ಇಷ್ಟು ವರ್ಷ ಕಪ್ಪುಬಿಳುಪು ಪ್ರಿಂಟಿನ ಮೇಲೆ ಕುಂಚ ಹಿಡಿದು ಸಮುದ್ರಕ್ಕೆ ನೀಲಿ ಬಳಿದವಳು ತಾನು. ಆ ನೀಲಿ ಖರೆ ಎಂಥದು ಎಂದು ಒಮ್ಮೆ ಕಣ್ಣಾರೆ ನೋಡಬೇಕು, ಗಂಡನ ಪಕ್ಕದಲ್ಲಿ ನಿಂತು ನೋಡಬೇಕು. ಮದುವೆಯಾದ ಹೊಸತರಲ್ಲೇ ಅವನು ಮಾತು ಕೊಟ್ಟಿದ್ದ. ಎಂಬತ್ತೆಂಟರ ದೀಪಾವಳಿಗೆ ಮಗ ಕೊಲ್ಹಾಪುರದ ಹಾಸ್ಟೆಲಿಗೆ ಹೋಗಿಯಾಗಿತ್ತು, ಅತ್ತೆ ಕಮಲಾಬಾಯಿ ತೀರಿಕೊಂಡು ವರ್ಷ ತುಂಬಿತ್ತು, ಮನೆಯಲ್ಲಿ ಹಿಡಿದು ನಿಲ್ಲಿಸುವ ಕೆಲಸ ಒಂದೂ ಇರಲಿಲ್ಲ. ಅವಳು ಸೀರೆ ಮಡಿಚಿ ಚೀಲಕ್ಕೆ ಇಟ್ಟುಕೊಂಡಳು. ಜಯಪಾಲ ಅದನ್ನು ನೋಡಿ ಪಕ್ಕಕ್ಕೆ ಕುಳಿತ.

"ಮಂಗಲಾ, ಈ ಸಲಾ ಬ್ಯಾಡ. ದಂಡಿ ತುಂಬ ಮೀನಾ ಒಣಗ ಹಾಕಿರ್ತಾರ. ಆ ವಾಸನಿಗೆ ನೀ ಒಂದ ದಿನಾ ತಡಿಯಂಗಿಲ್ಲ. ನನ್ನ ಪಾಡ ನಾಯಿಪಾಡು ಅಲ್ಲಿ. ಕಂಬದ ಕಡೆ ಮಾತಾಡಸಾಕ ಒಂದು ನರಪಿಳ್ಳಿ ಇರೂದಿಲ್ಲ."

"ನೀವು ಇರ್ತೀರಲ್ರಿ."

"ಬರೂ ವರ್ಸ ನಕ್ಕಿ ಕರಕೊಂಡ ಹೋಗ್ತೀನಿ" ಎಂದ.

ಅವಳು ಸೀರೆಯನ್ನು ಟ್ರಂಕಿಗೆ ವಾಪಸು ಹಾಕಿ ರೊಟ್ಟಿ ತಟ್ಟಲು ಕುಳಿತಳು. ಮೀನು ಬೇಯಿಸುವ ಮನೆಯಲ್ಲಿ ಉಣ್ಣುವುದಿಲ್ಲವೆಂದು ಜಯಪಾಲ ಜೈನ ಮುನಿಗಳ ಮುಂದೆ ನೇಮ ಹಿಡಿದವನು. ಹಾಗಾಗಿ ಹೋದಾಗಲೆಲ್ಲ ಎಳ್ಳು ಹಚ್ಚಿದ ಜೋಳದ ಕಡಕ ರೊಟ್ಟಿಯ ದೊಡ್ಡ ಗಂಟು ಅವನ ಜೊತೆ ಹೋಗಬೇಕು. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ಆರಿಸಿದರೆ ಅವು ತಿಂಗಳಾದರೂ ಕೆಡುವುದಿಲ್ಲ. ಬೆವರಿಗೆ ಕುಂಕುಮ ಕರಗಿ ಮೂಗಿಗೆ ಇಳಿಯುತ್ತಿತ್ತು, ಅವಳು ತಟ್ಟುತ್ತಲೇ ಇದ್ದಳು. ಪ್ರತಿ ವರ್ಷ ಬಟ್ಟೆ ಖಾಲಿಯಾಗಿ ಬರುತ್ತಿತ್ತು. ಪಾಪ, ಎಲ್ಲ ತಿಂದಿದ್ದಾರೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

ಅವನು ಹೋದ, ವಾರ ಕಳೆದು ಬಂದ, ಡಾರ್ಕ್‌ರೂಮಿನಲ್ಲಿ ರೋಲು ತೊಳೆದು ಒಣಗಿಸಿ, ಆಯ್ದ ಒಂದು ನೆಗೆಟಿವ್ ತಂದು ಮೇಜಿನ ಮೇಲಿಟ್ಟ.

"ಕಂಬದ ಬಲಕ್ಕ ಯಾವಾಕಿನೋ ಬಂದು ಕುಂತಾಳ ನೋಡು. ತಗದುಬಿಡು. ದಾದಾಸಾಹೇಬ್ರಿಗೆ ಮಂದಿ ಇದ್ದದ್ದು ನಡ್ಯಾಂಗಿಲ್ಲ."

ಪ್ರತಿ ವರ್ಷದ ಮಾತೇ ಇದು. ಯಾವಾಕಿನೋ ನಡುವೆ ಬಂದಿರುತ್ತಾಳೆ, ಬೆಳಕು ಕಾಯುವುದಿಲ್ಲ, ಅವನು ಬಟನ್ ಒತ್ತಿರುತ್ತಾನೆ, ಇವಳು ಮುಖ ನೋಡುವ ಗೋಜಿಗೂ ಹೋಗದೆ ಅಳಿಸುತ್ತಾಳೆ. ಜಯಪಾಲ ಚಹಾ ಕುಡಿದು, ಚಿಕ್ಕೋಡಿಯಲ್ಲಿ ಯಾರದೋ ಕುಬುಸದ ಫೋಟೋ ಇದೆಯೆಂದು ಹೊರಟುಹೋದ.

ಮಂಗಲ ಕನ್ನಡಿ ತಿರುಗಿಸಿ ಬೆಳಕು ಹೊಂದಿಸಿದಳು. ಹೆಂಗಸು ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕಪ್ಪು ಸೀರೆಯಿರಬೇಕು, ನೆಗೆಟಿವ್‌ನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಕೆಂಪು ರಂಗಿನಿಂದ ತುಂಬಿದರೆ ಸುತ್ತಲಿನ ಮರಳಿನಲ್ಲಿ ಬೆರೆತುಹೋಗುತ್ತದೆ. ಕೈಯಲ್ಲಿ ಏನೋ ದುಂಡಗಿನ ಕರಿ ವಸ್ತು. ಕರಿ ಎಂದರೆ ಪ್ರಿಂಟಿನಲ್ಲಿ ಬಿಳಿ, ಚಾಕುವಿನ ಕೆಲಸ. ಹೋದ ವರ್ಷವೂ ಇಂಥದೊಂದನ್ನು ತಾಟು ಇರಬೇಕೆಂದು ಹೆರೆದು ತೆಗೆದದ್ದು ನೆನಪಿತ್ತು. ಚಾಕು ಹಿಡಿದು, ಗುರಿ ತಪ್ಪದಿರಲೆಂದು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದಳು.

ತಾಟಿಗೆ ಒಂದು ಬದಿ ಮುರಿದಿರುವುದಿಲ್ಲ.

ಹೆಂಗಸು ಅದನ್ನು ಒಂದು ಅಂಚಿನಲ್ಲಿ ಎರಡೇ ಬೆರಳಿನಿಂದ ಹಿಡಿದಿದ್ದಳು. ಆದರೂ ಅದು ಬಾಗಿರಲಿಲ್ಲ, ಹಲಗೆಯಂತೆ ನೆಟ್ಟಗೆ ನಿಂತಿತ್ತು. ಕೊಂಕಣದವರ ಮೆತ್ತಗಿನ ಅಕ್ಕಿ ರೊಟ್ಟಿಯಾಗಿದ್ದರೆ ಹೀಗೆ ಹಿಡಿದಾಗ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಹಾಗೆ ನೆಟ್ಟಗೆ ನಿಲ್ಲುವುದು ಕಡಕ ರೊಟ್ಟಿ ಒಂದೇ. ಮುರಿದ ಚೂರು ಆ ಹೆಂಗಸಿನ ಬಾಯಿಯ ಹತ್ತಿರವಿತ್ತು. ಪಕ್ಕದ ಬಂಡೆಯ ಮೇಲೆ ಬಿಚ್ಚಿದ ಗಂಟು. ಅವಳು ನಗುತ್ತಿದ್ದಳು, ಕ್ಯಾಮೆರಾ ಹಿಡಿದವನ ಕಡೆ ನೋಡಿ ನಗುತ್ತಿದ್ದಳು.

ಮಂಗಲ ಚಾಕು ಕೆಳಗಿಟ್ಟಳು. ತಾನು ಒಲೆಯ ಮುಂದೆ ಬೆಂದು ತಟ್ಟಿದ ರೊಟ್ಟಿ ಯಾರದೋ ಬಾಯಿಗೆ ಹೋಗಿದೆ. ಹಾಗಾದರೆ ನೇಮ ಹಿಡಿದವರು ಆ ಏಳು ದಿನ ಉಂಡದ್ದು ಏನು, ಯಾರ ಒಲೆಯದು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಮಂಗಲಳಿಗೆ ಬೇಕಾಯಿತು. ಕಪಾಟಿನಿಂದ ಹಳೆಯ ಕ್ಯಾಲೆಂಡರುಗಳ ನೆಗೆಟಿವ್‌ಗಳನ್ನು ತೆಗೆದು, ಹೋದ ವರ್ಷದ್ದನ್ನು ಗಾಜಿನ ಮೇಲಿಟ್ಟು, ಅರಳೆಯನ್ನು ನೀರಿನಲ್ಲಿ ಅದ್ದಿ ಹಿಂಡಿದಳು. ಹೆರೆದದ್ದು ಮರಳಿ ಬರುವುದಿಲ್ಲ. ತುಂಬಿದ ರಂಗು ಮಾತ್ರ ಒರೆಸಿದರೆ ಬಿಟ್ಟುಹೋಗುತ್ತದೆ. ಮಾವನವರು ಕಲಿಸಿದ್ದು ತಪ್ಪು ತಿದ್ದಿಕೊಳ್ಳಲೆಂದು. ಅವಳು ಮೆಲ್ಲಗೆ ಒರೆಸಿದಳು. ಮೊದಲು ಸೀರೆಯ ನೆರಿಗೆ ಬಂತು, ಆಮೇಲೆ ತೋಳು, ಆಮೇಲೆ ಸೊಂಟಕ್ಕೆ ಕೈಯಿಟ್ಟು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಆ ನಿಲುವು. ಅದರ ಹಿಂದಿನ ವರ್ಷದ್ದನ್ನು ಒರೆಸಿದಳು. ಅದೇ ನಿಲುವು, ಅದೇ ಹೆಂಗಸು. ಅದರ ಹಿಂದಿನದರಲ್ಲಿ ಅವಳು ಇನ್ನೂ ಸಣ್ಣವಳು, ನಾಚಿಕೊಂಡು ಮುಖವನ್ನು ಅರ್ಧ ತಿರುಗಿಸಿದ್ದಳು. ತನ್ನ ಕೈಯಾರೆ ಅಳಿಸಿದ ಸವತಿಯನ್ನು ಮಂಗಲ ತನ್ನ ಕೈಯಾರೆ ಒಂದೊಂದೇ ವರ್ಷದಿಂದ ಕರೆದು ಕೂರಿಸಿದಳು.

ಆಗ ಅವಳಿಗೆ ಆ ಖಾಲಿ ಜಾಗ ಅರ್ಥವಾಯಿತು. ಬಂಡೆ, ಅಲೆ, ನೆರಳು ಎಲ್ಲ ಹರಿದುಬಂದು ಸೇರುತ್ತಿದ್ದ ಜಾಗದಲ್ಲಿ ಪ್ರತಿ ಸಲವೂ ಅವಳೇ ಇದ್ದಳು. ಜಯಪಾಲ ದೀಪಸ್ತಂಭದ ಫೋಟೋ ಒಂದನ್ನೂ ತೆಗೆದಿರಲಿಲ್ಲ. ಆ ಹೆಂಗಸಿನ ಫೋಟೋ ತೆಗೆದಿದ್ದ, ಕಂಬ ಪಕ್ಕಕ್ಕೆ ನಿಂತಿತ್ತು ಅಷ್ಟೇ. ಗಡ್ಡದ ಪಂಡಿತರು ಹೊಗಳಿದ ವಿರಕ್ತಿ ಇದು.

ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಮೈಯೆಲ್ಲ ಉರಿಯಿತು. ಗಂಡ ಮೋಸ ಮಾಡುವುದು ಲೋಕದಲ್ಲಿ ಹೊಸತೇನಲ್ಲ. ಯಾವ ಗಂಡನಾದರೂ ಅದನ್ನು ಮುಚ್ಚಲು ಹೆಂಡತಿಯನ್ನೇ ಕೂಲಿಗೆ ಹಚ್ಚುತ್ತಾನೆಯೇ? ರೊಟ್ಟಿಯೂ ಇವಳದೇ, ರಂಗೂ ಇವಳದೇ, ನೀಲಿ ಬಳಿಯುವ ಕುಂಚವೂ ಇವಳದೇ. ಇಂಥ ಧೈರ್ಯ ಕಳ್ಳಬೆಕ್ಕಿಗೂ ಇರುವುದಿಲ್ಲ.

ಆದರೂ ಹೆಣ್ಣಿನ ಮನಸ್ಸು ನೋಡಿ, ಒಂದು ಎಳೆ ಇನ್ನೂ ಹಿಡಿದುಕೊಂಡಿತ್ತು. ಕಣ್ಣು ತಪ್ಪಿರಬಹುದು, ಆ ಜಾಗವೇ ಹೋದರೆ ಏನೆನ್ನುತ್ತಾನೆಂದು ಅವನ ಬಾಯಿಂದಲೇ ಕೇಳಬೇಕು. ಅವಳು ಈ ವರ್ಷದ ನೆಗೆಟಿವ್ ಹಿಡಿದು ಡಾರ್ಕ್‌ರೂಮಿಗೆ ಹೋದಳು. ಹೆಂಗಸನ್ನು ಮುಟ್ಟಲಿಲ್ಲ. ಅವಳಿದ್ದ ಬಲಗಡೆಯನ್ನೆಲ್ಲ ಚೌಕಟ್ಟಿನ ಹೊರಗೆ ಬಿಟ್ಟು, ದೀಪಸ್ತಂಭವನ್ನು ನಟ್ಟನಡುವೆ, ಕಾಗದದ ತುಂಬ ದೊಡ್ಡದಾಗಿ ನಿಲ್ಲಿಸಿ ಪ್ರಿಂಟ್ ಹಾಕಿದಳು. ನಿಜ ಹೇಳಬೇಕೆಂದರೆ ಬೀಡಿಯ ಕ್ಯಾಲೆಂಡರಿಗೆ ಅದಕ್ಕಿಂತ ಚಲೋ ಚಿತ್ರ ಬೇರೊಂದಿಲ್ಲ.

ಜಯಪಾಲ ಮಧ್ಯಾಹ್ನ ಬಂದ. ಪ್ರಿಂಟನ್ನು ಕೈಗೆತ್ತಿಕೊಂಡು ನೋಡಿದ. ಅವನ ಮುಖ ಇಳಿಯಿತು.

"ಆ ಬಾಜೂ ಯಾಕ ಕತ್ತರಸಿದಿ?"

"ಅಲ್ಲೇನಿತ್ರಿ?"

"ಏನಿಲ್ಲ. ಜಾಗಾ ಇತ್ತಲ್ಲ."

"ಖಾಲಿ ಜಾಗಾ ಹೋದ್ರ ಯಾರ ಗಂಟು ಹೋಕ್ಕೈತ್ರಿ? ಕಂಬಾ ದೊಡ್ಡದಾತು. ದಾದಾಸಾಹೇಬ್ರು ಖುಷಿ ಆಗ್ತಾರ."

"ನಿನಗ ತಿಳಿಯಂಗಿಲ್ಲ" ಎಂದ ಜಯಪಾಲ. "ಚಿತ್ರದ ಜೀವಾನ ಅಲ್ಲಿತ್ತು. ಅದನ್ನ ಕೊಯ್ದು ಒಗದಿ."

ಜೀವ ಎಂದ ಮೇಲೆ ಕೇಳಲು ಏನೂ ಉಳಿಯಲಿಲ್ಲ. ಮಂಗಲ ಅವನ ಕೈ ಹಿಡಿದು ಕಿಟಕಿಗೆ ಕರೆದೊಯ್ದಳು. ಗಾಜಿನ ಮೇಲೆ ಸಾಲಾಗಿ ಇಟ್ಟ ನೆಗೆಟಿವ್‌ಗಳಲ್ಲಿ ಆ ಹೆಂಗಸು ವರ್ಷ ವರ್ಷಕ್ಕೆ ಬೆಳೆಯುತ್ತ ನಿಂತಿದ್ದಳು.

ಜಯಪಾಲ ಒಂದೊಂದನ್ನೇ ಬಗ್ಗಿ ನೋಡಿದ. ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳೋ ಏನೋ. ಅವನು ಸುಳ್ಳು ಹೇಳಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಹೇಳಿದ.

"ನಿನಗ ಗೊತ್ತೈತಿ ಅಂತ ತಿಳಕೊಂಡಿದ್ದೆ ನಾ."

"ಏನಂದ್ರಿ?"

"ಇಷ್ಟು ವರ್ಸ ಯಾರು, ಏನು ಅಂತ ಒಂದ ಮಾತು ಕೇಳಲಿಲ್ಲ. ಕೊಟ್ಟದ್ದನ್ನ ಸುಮ್ಮ ಅಳಸ್ತಿದ್ದಿ. ಆಕಿ ಅಲ್ಲೊಂದು ಖಾನಾವಳಿ ನಡಸ್ತಾಳ. ಗೊತ್ತಿದ್ದೂ ನಡಿಲಿ ಅಂತ ಬಿಟ್ಟೀ, ದೊಡ್ಡ ಮನಸಿನಾಕಿ ಅಂತ ನಾ ತಿಳದೆ."

ಇವಳ ನಂಬಿಕೆಯನ್ನು ಅವನು ಒಪ್ಪಿಗೆ ಎಂದು ಎಣಿಸಿದ್ದ. ಕೇಳದಿದ್ದದ್ದು ಇವಳದೇ ತಪ್ಪಾಯಿತು. ಮಂಗಲ ಮೇಜಿನ ಮುಂದಿನ ತನ್ನ ಕುರ್ಚಿಯನ್ನು ಎಳೆದು ಅವನ ಮುಂದಿಟ್ಟಳು. ಈ ವರ್ಷದ ನೆಗೆಟಿವನ್ನು ಗಾಜಿನ ಮೇಲಿಟ್ಟು, ಕುಂಚವನ್ನು ಕೆಂಪು ರಂಗಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟಳು.

"ಈ ವರ್ಸ ನೀವ ಅಳಸ್ರಿ."

"ನನಗ ಈ ಕೆಲಸಾ ಬರಾಂಗಿಲ್ಲ ಮಂಗಲಾ."

"ಬರಾಕ ಏನೈತ್ರಿ ಅದರಾಗ. ತುಂಬ್ರಿ, ಅಷ್ಟ. ನಾ ಮಾತಾಡದಂಗ ಮರತುಬಿಡ್ತೀನಿ."

ಅವಳು ಖರೆ ಹೇಳಿದ್ದಳು. ಅವನು ಅಂದು ಆ ಕುಂಚ ಊರಿದ್ದರೆ, ಅಡ್ಡಾದಿಡ್ಡಿಯಾಗಿ ಹಚ್ಚಿ ನೆಗೆಟಿವ್ ಕೆಡಿಸಿದ್ದರೂ ಸರಿ, ಅವಳು ಎಲ್ಲವನ್ನೂ ನುಂಗಿಕೊಂಡು ಸಂಜೆಗೆ ಒಲೆ ಹೊತ್ತಿಸುತ್ತಿದ್ದಳು. ಅವಳ ಸಂಸಾರವೆಲ್ಲ ಆಗ ಆ ಕುಂಚದ ತುದಿಗೆ ಬಂದು ನಿಂತಿತ್ತು. ಜಯಪಾಲ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದ. ಕುಂಚ ಆ ಮುಖದ ಹತ್ತಿರ ಹೋಯಿತು, ಅಲ್ಲೇ ನಿಂತಿತು, ಹಿಂದೆ ಸರಿಯಿತು. ರಂಗು ತುದಿಯಲ್ಲಿ ಒಣಗಿತು. ಮತ್ತೊಮ್ಮೆ ಅದ್ದಿದ, ಮತ್ತೊಮ್ಮೆ ಒಣಗಿತು. ಕೊನೆಗೆ ಕುಂಚವನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡ. ವರ್ಷ ವರ್ಷವೂ ಚಹಾ ಕುಡಿಯುತ್ತ ಹೆಂಡತಿಯ ಕೈಯಿಂದ ಮಾಡಿಸಿದ ಕೆಲಸವನ್ನು ತನ್ನ ಕೈಯಿಂದ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಆ ಕಣ್ಣೀರು ತನಗಾಗಿ ಅಲ್ಲವೆಂದು ಮಂಗಲಳಿಗೆ ತಿಳಿಯಿತು.

ಮರುದಿನ ಮುಂಜಾನೆ ಅವಳು ನೆಗೆಟಿವನ್ನು ಒಂದು ಗೆರೆಯೂ ಬಿಡದಂತೆ ಇಡಿಯಾಗಿ ದೊಡ್ಡ ಕಾಗದಕ್ಕೆ ಇಳಿಸಿದಳು. ಹತ್ತು ಹೊಡೆಯುವಷ್ಟರಲ್ಲಿ, ಪ್ರೆಸ್ಸಿಗೆ ತಡವಾಯಿತೆಂದು ದಾದಾಸಾಹೇಬರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮಂಗಲ ಚಿತ್ರವನ್ನು ಅವರ ಮುಂದಿಟ್ಟಳು. ಜಯಪಾಲ ಬಾಗಿಲ ಹತ್ತಿರ ನಿಂತಲ್ಲೇ ನಿಂತ.

ದಾದಾಸಾಹೇಬರು ಚಷ್ಮಾ ಏರಿಸಿ ಇಳಿಸಿ ನೋಡಿದರು. "ಜಯಪಾಲ, ಇಷ್ಟು ವರ್ಸ ನಿನ್ನ ಚಿತ್ರದಾಗ ಏನೋ ಕಮ್ಮಿ ಬೀಳ್ತೈತಿ ಅನಸ್ತಿತ್ತು ನೋಡಪಾ. ಈಗ ತುಂಬಿತು. ಏನ ಕಳಾ ಐತಿ ಈಕಿ ಮುಖದಾಗ. ಮಂದಿ ಬ್ಯಾಡ ಅಂತ ನಾನ ಹೇಳಿದ್ದೆ, ಖರೆ ಈಕಿ ಇರಲಿ. ಯಾರು ಈಕಿ?"

ಮಂಗಲ ಗಂಡನನ್ನು ನೋಡಿದಳು. ಹೆಸರು ಹೇಳಿದರೆ ಸಂಜೆಯೊಳಗೆ ನಿಪ್ಪಾಣಿಗೆಲ್ಲ ಹಬ್ಬುತ್ತದೆ, ಸದಲಗಾದ ತವರಿಗೂ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಳಲಿ ಎಂದೇ ಅವಳು ಕಾಯುತ್ತಿದ್ದಳು. ನಿನ್ನೆ ಅತ್ತ ಕಣ್ಣೀರಿಗಾದರೂ ಇವನು ನಿಯತ್ತಿನವನು ಎಂದಾಗಲಿ, ಒಬ್ಬಳಿಗಾದರೂ ಖರೆ ಇದ್ದಾನೆ ಎಂದಾಗಲಿ.

ಜಯಪಾಲ ಚಿತ್ರದಿಂದ ಕಣ್ಣು ತೆಗೆದ. "ಯಾರೋ ಏನೋ ಗೊತ್ತಿಲ್ರಿ ದಾದಾಸಾಹೇಬ್ರ. ಹಾದಿ ಮ್ಯಾಲಿನ ಹೆಂಗಸು. ಬ್ಯಾಡಂದ್ರ ಹೇಳ್ರಿ, ಇವಳು ಅಳಸ್ತಾಳ."

ಮೇಜಿನ ಮೇಲಿನ ಚಿತ್ರದಲ್ಲಿ ಆ ಹೆಂಗಸು ರೊಟ್ಟಿ ಹಿಡಿದು ಅವನ ಕಡೆ ನೋಡಿ ನಗುತ್ತಲೇ ಇದ್ದಳು. ನಿನ್ನೆಯಿಂದ ಮಂಗಲಳಿಗೆ ಆ ಹೆಂಗಸಿನ ಬಗ್ಗೆ ಇದ್ದ ಸಿಟ್ಟೆಲ್ಲ ಒಮ್ಮೆಲೇ ಇಳಿದುಹೋಯಿತು. ಪಾಪ, ಅವಳಿಗೂ ಏನೇನು ಮಾತು ಕೊಟ್ಟಿದ್ದಾನೋ.

"ನಾ ಅಳಸೂದಿಲ್ರಿ" ಎಂದಳು ಮಂಗಲ ದಾದಾಸಾಹೇಬರಿಗೆ. "ಇದ್ದಂಗ ಛಾಪಸ್ರಿ." ಚಿತ್ರವನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, ಮೆಟ್ಟಿಲವರೆಗೆ ಹೋಗಿ ಕಳಿಸಿಬಂದಳು.